ಅಲುಗದ ಗೆರೆ

ಗ್ರಾಫಿನಲ್ಲಿ ಗೆರೆ ಅತ್ತಿತ್ತ ಅಲುಗದೆ ನೆಟ್ಟಗೆ ಹೋಗ್ತಾ ಇದ್ರೆ ನನಗೆ ಮೊದಲು ಅನುಮಾನ ಬರೋದು ಗೆರೆಯ ಮೇಲೇ. ಬೇಲಿಯಾಚೆಯ ಹುಡುಗನಿಗೆ ಈ ಮಾತು ಸರಿಬರಲಿಲ್ಲ. ಅವನು ಯೀಸ್ಟಿನ ಪ್ಯಾಕೆಟ್ ಕೈಯಲ್ಲಿ ಹಿಡಿದೇ ಬಂದಿದ್ದ.

“ಅಕ್ಕಾ, ಯೀಸ್ಟ್ ಸತ್ತೋಗಿದೆ ಮಾರಾಯ್ರೆ. ನಿನ್ನೆಯಿಂದ 1.024ರಲ್ಲೇ ನಿಂತುಬಿಟ್ಟಿದೆ. ಇದನ್ನೂ ಸುರಿದುಬಿಡ್ತೀನಿ.”

“ಸುರಿಯೋದು ಆಮೇಲಿರಲಿ. ಉಷ್ಣಾಂಶ ಎಷ್ಟಿದೆ ಹೇಳು.”

“ಅರವತ್ತೆಂಟು.”

“ನಿನ್ನೆ ರಾತ್ರಿ?”

ಫೋನಿನಲ್ಲಿ ಗ್ರಾಫನ್ನು ಹಿಂದಕ್ಕೆ ಎಳೆದು ನೋಡಿದ. “ಅರವತ್ತೆಂಟು.”

“ನಿನ್ನೆ ಮಧ್ಯಾಹ್ನ?”

“ಅದೂ ಅರವತ್ತೆಂಟೇ.”

ಅಲ್ಲಿಗೆ ಅರ್ಧ ಉತ್ತರ ಸಿಕ್ಕ ಹಾಗಾಯ್ತು. ಅವನ ಬಿಯರ್ ಇರೋದು ಗ್ಯಾರೇಜಿನಲ್ಲಿ, ಹಳೇ ಫ್ರಿಜ್ಜಿನ ಒಳಗೆ. 68 ಡಿಗ್ರಿ ಫ್ಯಾರನ್‌ಹೀಟ್ ಅಂದ್ರೆ 20 ಸೆಲ್ಸಿಯಸ್. ಏಲ್ ಜಾತಿಯ ಯೀಸ್ಟಿಗೆ ಹಿತವಾದ ಬಿಸಿ. ಆದರೆ ಕಂಟ್ರೋಲರ್ ಫ್ರಿಜ್ಜನ್ನು ಹಚ್ಚಿ ಆರಿಸಿ ಮಾಡ್ತಾ ಇದ್ದಾಗ ಒಳಗಿನ ದ್ರವ 67ಕ್ಕೆ ಇಳಿದು ಮತ್ತೆ 68ಕ್ಕೆ ಬರ್ತಾ ಇರಬೇಕು. ಹಿಂದಿನ ವಾರದ ಗ್ರಾಫಿನಲ್ಲಿ ಆ ಏರಿಳಿತ ಕಣ್ಣಿಗೆ ಹೊಡೆಯುವಷ್ಟು ಚೆನ್ನಾಗಿತ್ತು. ದ್ರವ ಎಷ್ಟು ದಪ್ಪ ಅಂತ ಹೇಳುವ ಗ್ರ್ಯಾವಿಟಿ, ಅಂದ್ರೆ ಆ 1.024, ಅದೂ ಅಷ್ಟೆ. ಹುದುಗುತ್ತಿರುವ ದ್ರವದಲ್ಲಿ ಗುಳ್ಳೆ ಏಳ್ತಾ ಇರುತ್ತೆ, ತೇಲುವ ಸೆನ್ಸರಿಗೆ ಅಂಟಿಕೊಳ್ಳುತ್ತೆ, ಬಿಡುತ್ತೆ. ಹಾಗಾಗಿ ಅಂಕಿ ಒಂದು ಪಾಯಿಂಟ್ ಮೇಲೆ, ಒಂದು ಪಾಯಿಂಟ್ ಕೆಳಗೆ ಆಡ್ತಾನೇ ಇರುತ್ತೆ. ಯೀಸ್ಟ್ ಮಲಗಿದ್ರೂ ಅಂಕಿ ಹೀಗೆ ಕಲ್ಲಿನ ಹಾಗೆ ನಿಲ್ಲೋದಿಲ್ಲ. ಎರಡು ಅಂಕಿಗಳು ಒಂದೇ ಗಳಿಗೆಯಿಂದ ಒಟ್ಟಿಗೆ ಅಲುಗಾಟ ನಿಲ್ಲಿಸಿವೆ ಅಂದ್ರೆ ತೊಂದರೆ ಆ ಎರಡಕ್ಕೂ ಹೊರಗಿದೆ ಅಂತಲೇ ಲೆಕ್ಕ.

ನಾವಿರೋದು ಅಮೆರಿಕದ ಆರೆಗಾನ್ ರಾಜ್ಯದ ಹಿಲ್ಸ್‌ಬರೋದಲ್ಲಿ, ಪೋರ್ಟ್‌ಲ್ಯಾಂಡಿನ ಪಕ್ಕ. ಚಿಪ್ ತಯಾರಿಸುವ ಕೆಲಸಕ್ಕೆ ಬಂದ ಕನ್ನಡದವರು ಇಲ್ಲಿ ಸಾಕಷ್ಟಿದ್ದಾರೆ. ಈ ಹುಡುಗ ಮೂಡಿಗೆರೆ ಕಡೆಯವನು, ಮನೆಯಲ್ಲಿ ಕಾಫಿ ತೋಟ. ಇಲ್ಲಿನ ಗಾಳಿ ಅವನಿಗೂ ಹಿಡಿಸಿದೆ. ವಿಲಾಮೆಟ್ ಕಣಿವೆಯಲ್ಲಿ ಹಾಪ್ಸ್ ಬೆಳೀತಾರೆ. ಪೋರ್ಟ್‌ಲ್ಯಾಂಡಿನಲ್ಲಿ ಮನೆಬಿಯರಿನ ಸಾಮಾನು ಮಾರುವ ಸ್ಟೈನ್‌ಬಾರ್ಟ್ ಅಂಗಡಿ ಶುರುವಾಗಿದ್ದು 1918ರಲ್ಲಿ. ಮನೆಯಲ್ಲಿ ಬಿಯರ್ ಮಾಡಿಕೊಳ್ಳೋದು ಇಲ್ಲಿ ಕಾನೂನಿನ ಒಳಗಿನ ಹವ್ಯಾಸ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನ ಇದ್ರೆ 200 ಗ್ಯಾಲನ್ ತೆರಿಗೆಯಿಲ್ಲದೆ ಮಾಡ್ಕೋಬಹುದು, ಮಾರುವ ಹಾಗಿಲ್ಲ. ಆರೆಗಾನ್‌ನಲ್ಲಿ 2010ರಲ್ಲಿ ಒಂದು ತೊಡಕು ಎದ್ದಿತ್ತು. ಮನೆಯಲ್ಲಿ ಮಾಡಿದ್ದನ್ನು ಮನೆಯಲ್ಲೇ ಕುಡೀಬೇಕು ಅಂತ ರಾಜ್ಯದ ಕಾನೂನನ್ನು ಓದಿ, ಸ್ಟೇಟ್ ಫೇರ್‌ನ ಮನೆಬಿಯರ್ ಸ್ಪರ್ಧೆಯನ್ನೇ ನಿಲ್ಲಿಸಬೇಕಾಯ್ತು. ಮುಂದಿನ ವರ್ಷ ಕಾನೂನು ತಿದ್ದಿ ಸರಿಪಡಿಸಿದರು. ನಮ್ಮ ಕಡೆ ಇದಕ್ಕೆ ಅವಕಾಶ ಇಲ್ಲ, 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಊರಿಗೆ ಹೋದಾಗ ಈ ಉತ್ಸಾಹ ಬೇಡ ಅಂತ ನಾನು ಹುಡುಗನಿಗೆ ಹೇಳಿದ್ದೀನಿ.

ಅವನ ಏರ್ಪಾಡು ನೋಡೋಕೆ ಚೆಂದ. ಐದು ಗ್ಯಾಲನ್ನಿನ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮಾಲ್ಟಿನ ಸಿಹಿನೀರು, ಇಲ್ಲಿಯವರು ವರ್ಟ್ ಅಂತಾರೆ. ಅದರಲ್ಲಿ ಟಿಲ್ಟ್ ಅನ್ನುವ ಒಂದು ಕೊಳವೆ ತೇಲ್ತಾ ಇರುತ್ತೆ. ಸಕ್ಕರೆ ಹೆಚ್ಚಿದ್ದಾಗ ದ್ರವ ದಪ್ಪ, ಕೊಳವೆ ಹೆಚ್ಚು ವಾಲಿ ಮಲಗುತ್ತೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡಿದ ಹಾಗೆ ದ್ರವ ತೆಳುವಾಗುತ್ತೆ, ಕೊಳವೆ ನೆಟ್ಟಗಾಗ್ತಾ ಬರುತ್ತೆ. ಎಷ್ಟು ವಾಲಿದೆ ಅಂತ ಒಳಗಿನ ಚಿಪ್ ಅಳೆದು, ಗ್ರ್ಯಾವಿಟಿಗೆ ಬದಲಾಯಿಸಿ, ಬ್ಲೂಟೂತಿನಲ್ಲಿ ಕೂಗಿ ಹೇಳುತ್ತೆ. ಯಾರಾದರೂ ಕೇಳ್ತಿದ್ದಾರಾ, ಇಲ್ಲವಾ ಅನ್ನೋದು ಅದಕ್ಕೆ ಗೊತ್ತಿಲ್ಲ. ಅದರ ಕೂಗು ಗ್ಯಾರೇಜಿನಿಂದ ಅಡುಗೆಮನೆಯವರೆಗೂ ಬರೋಲ್ಲ. ಅದಕ್ಕೇ ನಡುವೆ ಒಂದು ಬ್ರಿಡ್ಜ್: ಇಎಸ್‌ಪಿ32 ಚಿಪ್ ಇರುವ ಬೆರಳುದ್ದದ ಬೋರ್ಡು. ಅದು ಬ್ಲೂಟೂತಿನಲ್ಲಿ ಕೇಳಿಸಿಕೊಂಡು, ಮನೆಯ ವೈಫೈ ಮೇಲೆ ಹೇಳಬೇಕು. ಅಡುಗೆಮನೆಯ ಮೂಲೆಯಲ್ಲಿರೋ ರಾಸ್ಪ್‌ಬೆರಿ ಪೈ ಆ ಸಂದೇಶವನ್ನು ತೆಗೆದುಕೊಂಡು ಗ್ರಾಫ್ ಬರೆಯುತ್ತೆ. ಈ ಕೆಲಸಕ್ಕೆ ಟಿಲ್ಟ್‌ಬ್ರಿಡ್ಜ್ ಅಂತ ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ತಂತ್ರಾಂಶ ಸಿದ್ಧವಾಗೇ ಇದೆ. ಇವನು ಕಲೀಬೇಕು ಅಂತ ಸ್ವಂತ ಬರೆದ. ಬರೆದದ್ದು ಒಳ್ಳೇದೇ ಆಯ್ತು.

ಈಗ ನೋಡಿ, ಬಕೆಟ್ಟಿನಿಂದ ಗ್ರಾಫಿನವರೆಗೆ ಸುದ್ದಿ ಮೂರು ಕೈ ದಾಟಬೇಕು. ಯಾವ ಕೈಯಲ್ಲಿ ನಿಂತಿದೆ ಅಂತ ತಿಳಿಯದೆ ಯೀಸ್ಟ್ ಸುರಿದರೆ, ಎತ್ತು ಈಯಿತು ಅಂದಕೂಡಲೇ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಗುತ್ತೆ. ಅವನ ಭಯಕ್ಕೆ ಕಾರಣ ಇಲ್ಲದೆ ಇರಲಿಲ್ಲ. ಮಾಲ್ಟ್ ಸಾರದಿಂದ ಬಿಯರ್ ಮಾಡೋರಲ್ಲಿ 1.020ರ ಹತ್ತಿರ ಬಂದು ಹುದುಗು ನಿಂತುಬಿಡೋದು ಹಳೇ ದೂರು. 1.024 ಕಂಡ ತಕ್ಷಣ ಅದೇ ನೆನಪಾಗಿದೆ. ಆದರೆ ಮುಚ್ಚಳ ತೆಗೆದರೆ ಆಮ್ಲಜನಕ ಒಳಗೆ ಹೋಗುತ್ತೆ, ಬೇಡದ ಸೂಕ್ಷ್ಮಜೀವಿಗಳೂ ಹೋಗಬಹುದು. ಕೆಟ್ಟಿಲ್ಲದ ಬಿಯರನ್ನು ನಾವೇ ಕೆಡಿಸಿದ ಹಾಗೆ.

“ಮೊದಲು ಬಕೆಟ್ಟಿನ ಹತ್ತಿರ ಹೋಗಿ ಕೇಳೋಣ” ಅಂದೆ. ಅವನು ತನ್ನ ಐಫೋನ್ ತೆಗೆದು ಬ್ಲೂಟೂತ್ ಸ್ಕ್ಯಾನರ್ ಆ್ಯಪ್ ತೆರೆದ. ಅಕ್ಕಪಕ್ಕದ ಟಿವಿ, ಹಲ್ಲುಜ್ಜುವ ಬ್ರಷ್, ಯಾರದೋ ಇಯರ್‌ಫೋನ್ ಎಲ್ಲ ಕಂಡವು, ಟಿಲ್ಟ್ ಇಲ್ಲ. “ನೋಡಿ, ಸೆನ್ಸರೇ ಹೋಗಿದೆ” ಅಂದ. ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಟಿಲ್ಟ್ ಕೂಗೋದು ಐಬೀಕನ್ ಅನ್ನುವ ರೂಪದಲ್ಲಿ. ಐಫೋನಿನ ಸಾಮಾನ್ಯ ಸ್ಕ್ಯಾನರ್ ಆ್ಯಪ್‌ಗಳಿಗೆ ಐಬೀಕನ್ ಸಂದೇಶಗಳನ್ನು ಫೋನೇ ತೋರಿಸೋದಿಲ್ಲ. ಆ ಬೀಕನ್ನಿನ ಗುರುತು ಮೊದಲೇ ಗೊತ್ತಿರುವ ಆ್ಯಪ್‌ಗೆ ಮಾತ್ರ, ಬೇರೆ ಬಾಗಿಲಿನಿಂದ ಕೊಡುತ್ತೆ. ಆದ್ದರಿಂದ ಸ್ಕ್ಯಾನರಿನಲ್ಲಿ ಕಾಣಲಿಲ್ಲ ಅಂದ್ರೆ ಏನೂ ಸಾಬೀತಾಗಲ್ಲ. ನನ್ನ ಆ್ಯಂಡ್ರಾಯ್ಡ್ ಫೋನ್ ತಂದು ಫ್ರಿಜ್ಜಿನ ಬಾಗಿಲಿಗೆ ಹಿಡಿದೆವು. ಕ್ಷಣದಲ್ಲಿ ಸಿಕ್ಕಿತು.

ಆ ಸಂದೇಶವನ್ನು ಬಿಡಿಸಿ ನೋಡೋದು ನನಗೆ ಬಹಳ ಇಷ್ಟದ ಕೆಲಸ. ಹದಿನಾರರ ಲೆಕ್ಕದಲ್ಲಿ ಬರೆದ ಅಂಕಿ ಅಕ್ಷರಗಳ ಉದ್ದನೆಯ ಸಾಲು. ಶುರುವಿನಲ್ಲಿ 4ಸಿ 00, ಅದು ಐಬೀಕನ್ ರೂಪಿಸಿದ ಆ್ಯಪಲ್ ಕಂಪನಿಯ ಸಂಖ್ಯೆ. ಆಮೇಲೆ 02 15, ಇದು ಐಬೀಕನ್ ಅನ್ನುವ ಗುರುತು. ನಂತರ ಹದಿನಾರು ಬೈಟಿನ ಗುರುತಿನ ಸಂಖ್ಯೆ. ಟಿಲ್ಟಿನ ಪ್ರತಿ ಬಣ್ಣಕ್ಕೂ ಒಂದೊಂದು, ಒಟ್ಟು ಎಂಟು ಬಣ್ಣ. ಅದು ಮುಗಿದ ಮೇಲೆ ಬರುವ ನಾಲ್ಕು ಬೈಟಿನಲ್ಲೇ ನಮಗೆ ಬೇಕಾದ್ದೆಲ್ಲ ಇದೆ. ಮೊದಲೆರಡು ಉಷ್ಣಾಂಶ, ಫ್ಯಾರನ್‌ಹೀಟಿನಲ್ಲಿ. ಕೊನೆಯೆರಡು ಗ್ರ್ಯಾವಿಟಿ, ಸಾವಿರದಿಂದ ಗುಣಿಸಿದ್ದು. ನಮ್ಮ ಫೋನು ಹಿಡಿದ ಸಾಲಿನಲ್ಲಿ 00 43, 03 ಎಫ್8 ಅಂತ ಇತ್ತು. 43 ಅಂದ್ರೆ ನಮ್ಮ ಲೆಕ್ಕದ 67. 03ಎಫ್8 ಅಂದ್ರೆ 1016, ಅಂದರೆ ಗ್ರ್ಯಾವಿಟಿ 1.016.

“1.016!” ಅಂದ ಹುಡುಗ, ಪ್ಯಾಕೆಟ್ಟನ್ನು ಕಪಾಟಿನ ಮೇಲಿಟ್ಟ. ಯೀಸ್ಟ್ ತನ್ನ ಪಾಡಿಗೆ ಎಂಟು ಪಾಯಿಂಟ್ ಇಳಿಸಿಕೊಂಡು ಹೋಗಿದೆ. ಗ್ರಾಫ್ ಮಾತ್ರ 1.024 ಅಂತಲೇ ಹೇಳ್ತಾ ಕೂತಿದೆ.

ಮುಂದೆ ಇನ್ನೊಂದು ತುದಿ. ಪೈ ಮೇಲೆ ಬಂದ ಸಂದೇಶಗಳನ್ನು ಹಸಿಹಸಿಯಾಗಿ ನೋಡಿದೆವು. ಇವನು ಬಳಸಿರೋದು ಎಂಕ್ಯೂಟಿಟಿ ಅನ್ನುವ ಪದ್ಧತಿ. 1999ರಲ್ಲಿ ತೈಲದ ಪೈಪ್‌ಲೈನುಗಳ ಅಳತೆಯನ್ನು ಉಪಗ್ರಹದ ಮೂಲಕ ತರೋಕೆ ಅಂತ ರೂಪಿಸಿದ್ದು. ಕಡಿಮೆ ಮಾತು, ಕಡಿಮೆ ಖರ್ಚು. ನೋಡ್ತಾ ಇದ್ದ ಹಾಗೇ ಹದಿನೈದು ನಿಮಿಷದ ಗಡುವಿಗೆ ಸರಿಯಾಗಿ ಒಂದು ಸಂದೇಶ ಬಂತು: 1.024, 68. ಅಂದ್ರೆ ವೈಫೈ ಚೆನ್ನಾಗಿದೆ, ಪೈ ಚೆನ್ನಾಗಿದೆ, ಬೋರ್ಡಿಗೆ ಕರೆಂಟಿದೆ. ಬಕೆಟ್ಟಿನ ಕಡೆಯೂ ಚೆನ್ನಾಗಿದೆ. ಉಳಿದದ್ದು ಬ್ರಿಡ್ಜಿನ ಹೊಟ್ಟೆ ಮಾತ್ರ. ಬಾಯಿ ನಡೀತಿದೆ, ಕಿವಿ ಮುಚ್ಚಿದೆ.

ಹುಡುಗನಿಗೆ ಫ್ರಿಜ್ಜಿನ ಮೇಲೆ ಅನುಮಾನ ಇನ್ನೂ ಹೋಗಿರಲಿಲ್ಲ. ಉಕ್ಕಿನ ಪೆಟ್ಟಿಗೆ, ಒಳಗೆ ಸುಮಾರು ಇಪ್ಪತ್ತು ಲೀಟರ್ ನೀರು, 2.4 ಗಿಗಾಹರ್ಟ್ಜ್ ಅಲೆಯನ್ನು ಲೋಹ ತಡೆಯುತ್ತೆ, ನೀರು ಹೀರುತ್ತೆ. ಅದೆಲ್ಲ ನಿಜ. ಬಾಗಿಲು ಮುಚ್ಚಿದಾಗ ಫೋನಿನಲ್ಲಿ ಸಿಗ್ನಲ್ ಬಲ ಗಣನೀಯವಾಗಿ ಕುಸಿಯೋದನ್ನು ನಾವೂ ನೋಡಿದೆವು. ಬಾಗಿಲ ಸುತ್ತಲಿನ ರಬ್ಬರಿನ ಸಂದಿಯಿಂದ ಸೋರಿ ಬಂದಷ್ಟು ಮಾತ್ರ ಹೊರಗೆ ಸಿಗ್ತಿತ್ತು. ಆದರೆ ಸಿಗ್ನಲ್ ದುರ್ಬಲವಾದರೆ ಏನಾಗುತ್ತೆ ಯೋಚನೆ ಮಾಡು ಅಂದೆ. ಕೆಲವು ಅಳತೆ ಬರುತ್ತೆ, ಕೆಲವು ಬರೋಲ್ಲ, ಗ್ರಾಫಿನಲ್ಲಿ ತೂತುಗಳು ಬೀಳುತ್ತೆ. ಲೋಹದ ತಗಡಿಗೆ ಸುದ್ದಿ ತಡೆಯೋಕೆ ಗೊತ್ತು, ಹಳೇ ಸುದ್ದಿಯನ್ನು ನೆನಪಿಟ್ಟು ಮತ್ತೆ ಮತ್ತೆ ಹೇಳೋಕೆ ಗೊತ್ತಿಲ್ಲ. ನೆನಪಿರೋದು ಪ್ರೋಗ್ರಾಮಿಗೆ ಮಾತ್ರ. ಅದೇ ಅಂಕಿ ಮರುಕಳಿಸ್ತಿದೆ ಅಂದ ಮೇಲೆ ಪ್ರೋಗ್ರಾಮನ್ನೇ ಹಿಡೀಬೇಕು.

ವೈಫೈ ಬ್ಲೂಟೂತ್ ಕಾದಾಟದ ಮಾತೂ ಬಂತು. ಇಎಸ್‌ಪಿ32ಯಲ್ಲಿ ಎರಡಕ್ಕೂ ಒಂದೇ ರೇಡಿಯೋ. ಸರದಿಯ ಮೇಲೆ ಹಂಚಿಕೊಳ್ಳಬೇಕು. ಬ್ಲೂಟೂತ್ ರೂಪಿಸಿದವರು ತಮ್ಮ ಕಡೆಯಿಂದ ಜಾಣತನ ತೋರಿಸಿದ್ದಾರೆ. ಕೂಗುವ ಮೂರು ಚಾನೆಲ್ಲುಗಳನ್ನು 2402, 2426, 2480 ಮೆಗಾಹರ್ಟ್ಜ್‌ನಲ್ಲಿ ಇಟ್ಟು, ವೈಫೈಯವರು ಹೆಚ್ಚು ಬಳಸುವ 1, 6, 11ನೇ ಚಾನೆಲ್ಲುಗಳ ಸಂದಿಗಳಲ್ಲಿ ಜಾಗ ಮಾಡಿಕೊಂಡಿದ್ದಾರೆ. ಆದರೂ ಒಂದೇ ರೇಡಿಯೋ ಮಾತಾಡ್ತಾ ಇರುವಾಗ ಕೇಳಿಸಿಕೊಳ್ಳೋಕೆ ಆಗೋಲ್ಲ. ಅದರಿಂದ ಆಗೋದೂ ತೂತೇ, ಈ ಥರ ಮರುಕಳಿಕೆ ಅಲ್ಲ. ಆ ವಿಷಯ ಅಲ್ಲಿಗೇ ಬಿಟ್ಟೆವು.

“ಪ್ಲಗ್ ಕಿತ್ತು ಹಾಕ್ತೀನಿ ಅಕ್ಕ, ಸರಿಹೋಗುತ್ತೆ.”

“ಸರಿಹೋಗುತ್ತೆ ಅಂತ ನನಗೂ ಗೊತ್ತು. ಅದಕ್ಕೇ ಕೀಳಬೇಡ.”

ಇದನ್ನ ನಾನು ಒತ್ತಿ ಹೇಳ್ತೀನಿ. ಕಿತ್ತು ಹಾಕಿದರೆ ಬೋರ್ಡು ಹೊಸದಾಗಿ ಎದ್ದು ಕೂರುತ್ತೆ, ಒಳಗೆ ಏನಾಗಿತ್ತು ಅನ್ನೋ ಗುರುತೆಲ್ಲ ಅಳಿಸಿಹೋಗುತ್ತೆ, ಮತ್ತೆ ಒಂದು ವಾರ ಬಿಟ್ಟು ಅದೇ ಕಾಯಿಲೆ. ಲ್ಯಾಪ್‌ಟಾಪಿಗೆ ಸಿಗಿಸಿ ಸೀರಿಯಲ್ ಮಾನಿಟರ್ ತೆರೆಯೋಣ ಅಂದರೂ ಇದೇ ಗೋಳು. ಇಂಥ ಬಹಳಷ್ಟು ಬೋರ್ಡುಗಳಲ್ಲಿ ಸೀರಿಯಲ್ ಪೋರ್ಟ್ ತೆರೆದ ಕ್ಷಣವೇ ಆ ತಂತಿಗಳ ಸನ್ನೆಯಿಂದ ಚಿಪ್ ರೀಸೆಟ್ ಆಗುತ್ತೆ. ನೋಡೋಕೆ ಹೋದರೆ ಸಾಕ್ಷಿ ಮಾಯ. ಹಾಗಾಗಿ ಆ ಸಲ ಬೋರ್ಡನ್ನು ಮುಟ್ಟದೆ, ಗ್ಯಾರೇಜಿನ ಬೆಂಚಿನ ಮೇಲೆ ಕೂತು ಅವನ ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಓದಿದೆವು. ಅವನೇ ಗಟ್ಟಿಯಾಗಿ ಓದಿದ, ನಾನು ಪ್ರತಿ ಸಾಲಿಗೂ “ಇದು ಆಗದಿದ್ದರೆ?” ಅಂತ ಕೇಳ್ತಾ ಹೋದೆ.

ಎರಡು ಕೆಲಸ ಅಕ್ಕಪಕ್ಕ ನಡೀತಾ ಇದ್ದವು. ಒಂದು, ಸದಾ ಕೇಳಿಸಿಕೊಳ್ತಾ ಇದ್ದು ಟಿಲ್ಟಿನ ಅಂಕಿ ಸಿಕ್ಕಿದಾಗ ಒಂದು ಜಾಗದಲ್ಲಿ ಬರೆದಿಡೋದು. ಇನ್ನೊಂದು, ಹದಿನೈದು ನಿಮಿಷಕ್ಕೊಮ್ಮೆ ಆ ಜಾಗದಲ್ಲಿ ಏನಿದೆಯೋ ಅದನ್ನು ಕಳಿಸೋದು. ಬರೆಯುವವನು ಬರೆಯೋದು ನಿಲ್ಲಿಸಿದರೂ ಕಳಿಸುವವನಿಗೆ ತಿಳಿಯೋದೇ ಇಲ್ಲ. ಅಳತೆ ಯಾವಾಗ ಸಿಕ್ಕಿದ್ದು ಅನ್ನೋದು ಸಂದೇಶದಲ್ಲಿ ಇರಲೇ ಇಲ್ಲ. ಪೈ ಅದಕ್ಕೆ ತಾನು ಪಡೆದ ಹೊತ್ತಿನ ಮುದ್ರೆ ಒತ್ತುತ್ತಿತ್ತು. ನಿನ್ನೆಯ ಅಳತೆಗೆ ಈ ಗಳಿಗೆಯ ಮುದ್ರೆ ಬಿದ್ದು ಗ್ರಾಫ್ ತಾಜಾ ಆಗಿ ಕಾಣ್ತಿತ್ತು.

ಬರೆಯುವವನು ಯಾಕೆ ನಿಂತ? ಅದು ಇನ್ನೂ ಸ್ವಾರಸ್ಯದ ವಿಷಯ. ಅವನ ಪ್ರೋಗ್ರಾಮು ಗಾಳಿಯಲ್ಲಿ ಕೇಳಿಸಿದ ಪ್ರತಿ ಬ್ಲೂಟೂತ್ ಸಾಧನದ ವಿಳಾಸವನ್ನೂ ಪಟ್ಟಿಯಲ್ಲಿ ಬರೆದಿಟ್ಟುಕೊಳ್ತಾ ಇತ್ತು, ಅಳಿಸ್ತಾ ಇರಲಿಲ್ಲ. ಮನೆಯಲ್ಲಿರೋ ಸಾಧನ ಹತ್ತೋ ಹದಿನೈದೋ, ಅದರಿಂದೇನು ಅನ್ನಿಸಬಹುದು. ಆದರೆ ಈಗಿನ ಫೋನುಗಳು ಮಾಲೀಕರ ಜಾಡು ಯಾರೂ ಹಿಡಿಯಬಾರದು ಅಂತ ತಮ್ಮ ಬ್ಲೂಟೂತ್ ವಿಳಾಸವನ್ನು ಆಗಾಗ, ಸಾಮಾನ್ಯವಾಗಿ ಸುಮಾರು ಹದಿನೈದು ನಿಮಿಷಕ್ಕೊಮ್ಮೆ, ಬದಲಾಯಿಸ್ತಾ ಇರ್ತಾವೆ. ಒಂದೇ ಫೋನು ದಿನವಿಡೀ ಮನೆಯಲ್ಲಿದ್ದರೆ ಸಂಜೆ ಹೊತ್ತಿಗೆ ಬ್ರಿಡ್ಜಿನ ಪಟ್ಟಿಯಲ್ಲಿ ಹತ್ತಾರು ಹೊಸ ಅತಿಥಿಗಳ ಹೆಸರು. ರಸ್ತೆಯಲ್ಲಿ ನಾಯಿ ಅಡ್ಡಾಡಿಸುವವರು, ಹೋಗುವ ಕಾರುಗಳು ಬೇರೆ. ಹಿಂದಿನ ದಿನ, ಶನಿವಾರ, ಎದುರು ಮನೆಯಲ್ಲಿ ಗ್ಯಾರೇಜ್ ಸೇಲ್ ಇತ್ತು. ಹಳೇ ಸೋಫಾ, ಮಕ್ಕಳ ಸೈಕಲ್ ನೋಡೋಕೆ ಬೆಳಗ್ಗೆಯಿಂದ ಜನವೋ ಜನ, ಎಲ್ಲರ ಜೇಬಿನಲ್ಲೂ ಒಂದು ಫೋನು, ಕೆಲವರ ಕಿವಿಯಲ್ಲಿ ಇಯರ್‌ಬಡ್ಸ್, ಕೈಯಲ್ಲಿ ವಾಚು. ಗ್ರಾಫಿನ ಗೆರೆ ಅಲುಗಾಟ ನಿಲ್ಲಿಸಿದ ಹೊತ್ತು ನೋಡಿದರೆ ಶನಿವಾರ ಹನ್ನೊಂದೂವರೆಗೆ ಹತ್ತಿರ.

ಬೋರ್ಡಿನ ಮೆಮೊರಿ ತುಂಬಿದರೆ ಸಾಮಾನ್ಯವಾಗಿ ಅದು ಕುಸಿದು ಬಿದ್ದು ತಾನೇ ಮತ್ತೆ ಏಳುತ್ತೆ. ಇವನು ಹಾಗಾಗಬಾರದು ಅಂತ ಮುಂಜಾಗ್ರತೆ ವಹಿಸಿ ಒಂದು ಸಾಲು ಬರೆದಿದ್ದ: ಉಳಿದ ಮೆಮೊರಿ ಇಷ್ಟಕ್ಕಿಂತ ಕಡಿಮೆಯಾದರೆ ಸ್ಕ್ಯಾನ್ ಮಾಡಬೇಡ. ಒಳ್ಳೆಯ ಮನಸ್ಸಿನಿಂದ ಬರೆದ ಸಾಲು. ಅದೇ ಕಿವಿಗೆ ಹತ್ತಿ ತುಂಬಿದ್ದು. ಕೆಲಸ ನಿಲ್ಲಿಸಿದವನು ಯಾರಿಗೂ ಹೇಳದೆ ನಿಲ್ಲಿಸಿದ್ದ. ಕುಸಿದು ಎದ್ದಿದ್ದರೆ ಗ್ರಾಫಿನಲ್ಲಿ ಹೆಚ್ಚೆಂದರೆ ಒಂದು ಪುಟ್ಟ ತೂತು ಬಿದ್ದು, ಪಟ್ಟಿ ಖಾಲಿಯಾಗಿ, ಬೋರ್ಡು ಮತ್ತೆ ಕೆಲಸಕ್ಕೆ ಹತ್ತುತ್ತಿತ್ತು. ಇಂಥ ಪುಟ್ಟ ಯಂತ್ರಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ತಪ್ಪನ್ನು ಮುಚ್ಚಿಕೊಂಡು ನಡೆಯೋದಕ್ಕಿಂತ ಬಿದ್ದು ಸದ್ದು ಮಾಡೋದು ಸಾವಿರ ಪಾಲು ವಾಸಿ.

ಓದಿ ಊಹಿಸಿದ್ದು ಸಾಲದು, ಕಣ್ಣಾರೆ ನೋಡಬೇಕು. ಆಮೇಲೆ ಬೋರ್ಡಿಗೆ ಅದೇ ಹಳೇ ಪ್ರೋಗ್ರಾಮನ್ನೇ ಹಾಕಿ, ಪ್ರತಿ ಸಂದೇಶದ ಜೊತೆ ಮೂರು ಸಂಗತಿ ಮಾತ್ರ ಸೇರಿಸಿ ಕಳಿಸೋ ಹಾಗೆ ಮಾಡಿಸಿದೆ: ಎದ್ದು ಎಷ್ಟು ಹೊತ್ತಾಯ್ತು, ಮೆಮೊರಿ ಎಷ್ಟು ಉಳಿದಿದೆ, ಕಳೆದ ಸಲ ಯಾಕೆ ರೀಸೆಟ್ ಆಯ್ತು. ಹುಡುಗನಿಗೆ ಎಲ್ಲವನ್ನೂ ಒಂದೇ ಏಟಿಗೆ ಸರಿಮಾಡುವ ಆತುರ. ಪಟ್ಟಿ ಅಳಿಸೋದು, ಹೊಸ ಚಾರ್ಜರ್, ಆಂಟೆನಾ ಇರುವ ಬೋರ್ಡು, ಎಲ್ಲ. ಹಾಗೆ ಮಾಡಿದರೆ ವಾಸಿಯಾದದ್ದು ಯಾವ ಮದ್ದಿನಿಂದ ಅಂತ ಯಾವತ್ತಿಗೂ ತಿಳಿಯೋಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾರನೇ ದಿನದ ಅಂಕಿಗಳನ್ನು ಅವನೇ ಕೆಲಸದಿಂದ ಕಳಿಸಿದ. ಉಳಿದ ಮೆಮೊರಿ ಗಂಟೆಗಂಟೆಗೂ ಇಳೀತಾ ಇತ್ತು, ರಾತ್ರಿ ಜನ ಓಡಾಡದ ಹೊತ್ತಿನಲ್ಲಿ ನಿಧಾನ, ಬೆಳಗ್ಗೆ ಶಾಲೆಯ ಬಸ್ಸಿನ ಹೊತ್ತಿಗೆ ಚುರುಕು. ಆಮೇಲೆ ಪಟ್ಟಿ ಖಾಲಿ ಮಾಡುವ ಒಂದು ಸಾಲು ಸೇರಿಸಿದ. ಇಳಿತ ನಿಂತಿತು.

ಅಂಕಿಗಳಿಗೂ ಒಂದು ಮುಖಭಾವ ಇರುತ್ತೆ, ನೋಡ್ತಾ ನೋಡ್ತಾ ಗುರುತು ಸಿಗುತ್ತೆ. ಫ್ರಿಜ್ಜಿನೊಳಗಿನ ಗಾಳಿ ಅಳೆಯೋಕೆ ಅವನು ಡಿಎಸ್18ಬಿ20 ಅನ್ನುವ ಉಷ್ಣಾಂಶದ ಸೆನ್ಸರನ್ನೂ ಬೋರ್ಡಿಗೆ ಕಟ್ಟಿದ್ದ. ಅದು ಸೆಲ್ಸಿಯಸ್ಸಿನಲ್ಲಿ ಸರಿಯಾಗಿ 85 ಅಂತ ತೋರಿಸಿದರೆ ಫ್ರಿಜ್ಜು ಕಾದಿದೆ ಅಂತಲ್ಲ. ಆ ಚಿಪ್ಪಿಗೆ ಕರೆಂಟು ಬಂದಾಗ ಒಳಗೆ ಮೊದಲು ಕೂರುವ ಅಂಕಿಯೇ 85, ಅಳತೆ ಮುಗಿಯೋಕೆ ಮುಂಚೆ ಓದಿದ್ದೀರಿ ಅಂತ ಅರ್ಥ. ಮೈನಸ್ 127 ಅಂತ ಬಂದರೆ ಸೆನ್ಸರ್ ಸಿಕ್ಕೇ ಇಲ್ಲ ಅಂತ ಲೈಬ್ರರಿ ಹೇಳೋ ರೀತಿ. ತಂತಿ ಸಡಿಲ, ಇಲ್ಲ 4.7 ಕಿಲೋಓಮ್ ರೆಸಿಸ್ಟರ್ ಹಾಕೋದು ಬಿಟ್ಟಿದ್ದೀರಿ. ಇವೆರಡು ಅಸಂಬದ್ಧ ಅಂತ ನೋಡಿದ ಕೂಡಲೇ ಗೊತ್ತಾಗೋದರಿಂದ ಅಪಾಯ ಕಡಿಮೆ. ಅಪಾಯ ಇರೋದು ನಂಬುವ ಹಾಗಿರುವ ಅಂಕಿಯಲ್ಲಿ. 1.024, 68 ಯಾರಿಗೂ ಅನುಮಾನ ಹುಟ್ಟಿಸೋಲ್ಲ.

ಇಷ್ಟು ಹೇಳೋಕೆ ಒಂದು ಗಟ್ಟಿ ಕಾರಣ ಇದೆ. ಅವನ ಗೆರೆ 1.024ರ ಬದಲು 1.016ರಲ್ಲಿ ನಿಂತಿದ್ದರೆ? “ಮುಗೀತು, ಇನ್ನು ಸೀಸೆಗೆ ತುಂಬೋಣ” ಅಂತ ಹೊರಡ್ತಿದ್ದ. ಆ ಬಿಯರ್ ಕೊನೆಗೆ ಇಳಿದದ್ದು 1.011ಕ್ಕೆ. ಅಂದರೆ ಐದು ಪಾಯಿಂಟಿನ ಸಕ್ಕರೆ ಮುಚ್ಚಿದ ಸೀಸೆಯೊಳಗೆ ಹುದುಗುತ್ತಿತ್ತು. ಒಂದು ಪಾಯಿಂಟಿಗೆ ಬಿಯರಿನ ಗಾತ್ರದ ಸುಮಾರು ಅರ್ಧದಷ್ಟು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತೆ. ಐದಕ್ಕೆ ಎರಡೂವರೆ ಪಟ್ಟು. ಮಾಮೂಲಿ ಏಲ್‌ನಲ್ಲಿ ನೊರೆಗೆ ಬೇಕು ಅಂತ ಇಡುವ ಒಟ್ಟು ಅನಿಲವೇ ಹೆಚ್ಚುಕಡಿಮೆ ಎರಡೂವರೆ ಪಟ್ಟು, ಅದರ ಮೇಲೆ ಇನ್ನೊಂದು ಅಷ್ಟು. ಸೀಸೆ ತಡೆಯೋಲ್ಲ, ಗಾಜು ಸಿಡಿಯುತ್ತೆ. ಮನೆಬಿಯರ್ ಮಾಡೋರು ಇದಕ್ಕೆ ಬಾಟಲ್ ಬಾಂಬ್ ಅಂತಾರೆ. ಆ ಗ್ಯಾರೇಜಿನಲ್ಲಿ ಅವನ ಮಗು ಮೂರು ಗಾಲಿಯ ಸೈಕಲ್ ತುಳಿಯುತ್ತೆ. ಅದಕ್ಕೇ ಟಿಲ್ಟ್ ಏನೇ ಹೇಳಲಿ, ಸೀಸೆಗೆ ತುಂಬುವ ಮುಂಚೆ ಗಾಜಿನ ಹೈಡ್ರೋಮೀಟರಿನಲ್ಲಿ ದಿನ ಬಿಟ್ಟು ದಿನ ನೋಡಿ, ಅಂಕಿ ಬದಲಾಗಿಲ್ಲ ಅಂತ ಖಾತ್ರಿ ಮಾಡ್ಕೊ ಅಂತ ಅವನಿಂದ ಮಾತು ತಗೊಂಡಿದ್ದೀನಿ. ಟಿಲ್ಟಿನ ತಲೆಗೆ ನೊರೆಯ ಗಸಿ ಅಂಟಿದರೂ ಅದು ವಾಲಿ ತಪ್ಪು ಹೇಳುತ್ತೆ. ಗಾಜಿನದಕ್ಕೆ ಬ್ಯಾಟರಿಯೂ ಬೇಡ, ವೈಫೈಯೂ ಬೇಡ.

ಬಿಯರಿನವರು ಅಳತೆಯನ್ನು ಹಗುರವಾಗಿ ತಗೊಂಡೋರಲ್ಲ ಅನ್ನೋದು ನನಗೆ ಅವರ ಮೇಲೆ ಗೌರವ ಹುಟ್ಟಿಸಿದ ಸಂಗತಿ. ಶಾಲೆಯಲ್ಲಿ ಓದಿದ ಪಿಎಚ್ ಮಾನ ಹುಟ್ಟಿದ್ದು 1909ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ, ಸೋರೆನ್‌ಸೆನ್ ಅವರಿಂದ. ಅದಕ್ಕೆ ಒಂದು ವರ್ಷ ಮುಂಚೆ ಡಬ್ಲಿನ್ನಿನ ಗಿನ್ನೆಸ್‌ನಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ ‘ಸ್ಟೂಡೆಂಟ್’ ಅನ್ನುವ ಹೆಸರಿನಲ್ಲಿ ಒಂದು ಲೇಖನ ಪ್ರಕಟಿಸಿದರು. ಕೈಯಲ್ಲಿರೋದು ನಾಲ್ಕೈದು ಅಳತೆ ಮಾತ್ರ ಆದಾಗ ಅವನ್ನು ಎಷ್ಟರಮಟ್ಟಿಗೆ ನಂಬಬಹುದು ಅನ್ನೋದೇ ಅದರ ಪ್ರಶ್ನೆ. ಇವತ್ತು ಔಷಧ ಪರೀಕ್ಷೆಯಿಂದ ಬೆಳೆ ಪ್ರಯೋಗದವರೆಗೆ ಎಲ್ಲರೂ ಬಳಸುವ ಟಿ ಪರೀಕ್ಷೆ ಅಲ್ಲಿಂದ ಬಂದದ್ದು. ಗ್ಯಾರೇಜಿನಲ್ಲಿ ನಾವು ಕೇಳ್ತಾ ಇದ್ದದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆ.

ಈಗ ಬ್ರಿಡ್ಜಿನ ಪ್ರತಿ ಸಂದೇಶದಲ್ಲೂ ಅಳತೆಗೆ ಎಷ್ಟು ವಯಸ್ಸಾಯ್ತು ಅನ್ನೋದು ಸೆಕೆಂಡಿನಲ್ಲಿ ಬರುತ್ತೆ. ಅರ್ಧ ಗಂಟೆಗಿಂತ ಹಳೇದಾದರೆ ಅಂಕಿಯನ್ನು ಕಳಿಸೋದೇ ಇಲ್ಲ, ‘ಕೇಳಿಸ್ತಿಲ್ಲ’ ಅಂತ ಕಳಿಸುತ್ತೆ. ಬೋರ್ಡೇ ಆರಿಹೋದರೆ ಸಂದೇಶಗಳನ್ನು ಹಂಚುವ ಎಂಕ್ಯೂಟಿಟಿಯ ಬ್ರೋಕರ್ ಅದರ ಪರವಾಗಿ ಸುದ್ದಿ ಹೇಳೋ ಏರ್ಪಾಡು ಮೊದಲಿಂದಲೂ ಇತ್ತು, ಲಾಸ್ಟ್ ವಿಲ್ ಅಂತಾರೆ, ಈಗ ಅದನ್ನೂ ಹಾಕಿಕೊಂಡ. ಗ್ರಾಫಿನಲ್ಲಿ ಗೆರೆ ಎರಡು ಚುಕ್ಕಿಗಳ ನಡುವೆ ತಾನಾಗಿ ಕೂಡಿಕೊಳ್ತಿದ್ದದ್ದನ್ನೂ ತೆಗೆಸಿದೆ. ಸುದ್ದಿ ಇಲ್ಲದ ಕಡೆ ಬಿಳೀ ಜಾಗ ಕಾಣಲಿ. ಅವನ ಹೆಂಡತಿಗೂ ಈಗ ಗ್ರಾಫ್ ಓದೋಕೆ ಬರುತ್ತೆ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರದೆ ಒವೆನ್ನಿನ ದೀಪ ಹಾಕಿ ಇಡ್ತೀವಲ್ಲ, ಅಲ್ಲಿಗೂ ಒಂದು ಉಷ್ಣಾಂಶದ ಸೆನ್ಸರ್ ಬೇಕು ಅಂತ ಕೇಳಿದ್ದಾಳಂತೆ. ಕೊಡು, ಒಳ್ಳೇ ಉಪಯೋಗ ಅಂದೆ.

ಅವನ ಮನಸ್ಸು ಮಾತ್ರ ಈಗ ಮೂಡಿಗೆರೆಗೆ ಹಾರಿದೆ. ಅರೇಬಿಕಾ ಹಣ್ಣನ್ನು ಪಲ್ಪ್ ಮಾಡಿದ ಮೇಲೆ ಬೀಜದ ಮೇಲಿನ ಲೋಳೆ ಬಿಡೋಕೆ ತೊಟ್ಟಿಯಲ್ಲಿ ಒಂದು, ಒಂದೂವರೆ ದಿನ ಹುದುಗೋಕೆ ಬಿಡ್ತಾರೆ. ಆಯ್ತೋ ಇಲ್ಲವೋ ಅಂತ ನೋಡೋದು ಕೈಯಿಂದ: ಒಂದು ಹಿಡಿ ಬೀಜ ತೊಳೆದು ಉಜ್ಜಿದರೆ ಜಾರದೆ ಕರಕರ ಅನ್ನಬೇಕು. ಹೊತ್ತು ಮೀರಿದರೆ ಕಾಫಿಗೆ ಹುಳಿ ವಾಸನೆ ಹಿಡಿಯುತ್ತೆ, ಬೆಲೆ ಬೀಳುತ್ತೆ. ರಾತ್ರಿ ಚಳಿ ಹೆಚ್ಚಿದ್ದರೆ ನಿಧಾನ, ಸೆಕೆಯಿದ್ದರೆ ಬೇಗ. ಅಪ್ಪ ರಾತ್ರಿ ಎದ್ದು ಟಾರ್ಚ್ ಹಿಡಿದು ಹೋಗೋದನ್ನು ಇವನು ಚಿಕ್ಕಂದಿನಿಂದ ನೋಡಿದ್ದಾನೆ.

“ತೊಟ್ಟಿಗೂ ಒಂದು ಬ್ರಿಡ್ಜ್ ಮಾಡಿ ಕಳಿಸ್ಲಾ ಅಕ್ಕ?”

“ಮಾಡು. ಆದರೆ ಅಲ್ಲಿ ಟಿಲ್ಟ್ ತೇಲೋಲ್ಲ, ಬೀಜದ ರಾಶಿ. ಉಷ್ಣಾಂಶ ನೋಡು, ಪಿಎಚ್ ಕೂಡ. ಪಿಎಚ್ ಪ್ರೋಬನ್ನು ಲೋಳೆಯಲ್ಲಿ ಬಿಟ್ಟರೆ ಮಂಕಾಗುತ್ತೆ, ತೊಳೆದು 4ರ, 7ರ ಬಫರಿನಲ್ಲಿ ಸರಿಹೊಂದಿಸ್ತಾ ಇರಬೇಕು. ಅದನ್ನ ಯಾರು ಮಾಡ್ತಾರೆ ಅಂತ ಮೊದಲು ಕೇಳು.”

“ತೋಟದ ರೈಟರಿಗೆ ಹೇಳಿಕೊಡ್ತೀನಿ. ಪಲ್ಪರ್ ಹೌಸಿಗೆ ವೈಫೈ ಇಲ್ಲ.”

“ಲೋರಾ ರೇಡಿಯೋ ಹಾಕು. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಜ್‌ಗೆ ಲೈಸೆನ್ಸ್ ಬೇಡ, ಮರಗಳ ನಡುವೆ ವೈಫೈಗಿಂತ ಚೆನ್ನಾಗಿ ಹೋಗುತ್ತೆ. ಕರೆಂಟ್ ಹೋದಾಗ ನಡೆಯೋಕೆ ಬ್ಯಾಟರಿ ಇಡು.”

“ಅಪ್ಪ ಫೋನ್ ನೋಡೋದು ಕಡಿಮೆ ಅಕ್ಕ. ಪೆಟ್ಟಿಗೆ ಮೇಲೆ ಒಂದು ಹಸಿರು ದೀಪ ಹಾಕಿಬಿಡ್ತೀನಿ, ನಡೀತಿದೆ ಅಂತ ಗೊತ್ತಾಗಲಿ.”

“ದೀಪ ಹಾಕು. ಆದರೆ ಕರೆಂಟ್ ಇದೆ ಅಂತ ಉರಿಯೋದು ಬೇಡ. ಹೊಸ ಅಳತೆ ಕೈಗೆ ಸಿಕ್ಕ ಪ್ರತಿ ಸಲ ಒಮ್ಮೆ ಮಿನುಗಲಿ, ಸಿಗದಿದ್ದರೆ ಕೆಂಪು ಹತ್ತಲಿ. ಕೆಂಪು ಕಂಡ ರಾತ್ರಿ ಅಪ್ಪ ಟಾರ್ಚ್ ಹಿಡಿದು ಹೋಗಿ ಕೈಯಿಂದಲೇ ಉಜ್ಜಿ ನೋಡಿಕೊಳ್ಳಲಿ.”